ಮಸೂರ ಬಾಗಿಸಿದ್ದನ್ನು ಲೆಕ್ಕ ನೆಟ್ಟಗಾಗಿಸಿತು

ರಬಕವಿ-ಬನಹಟ್ಟಿಯ ನೇಕಾರರಿಗೆ ನೇರ ಗೆರೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಗಿದ ಹಾಸಿನ ಎಳೆ ತಾನು ಹಿಡಿದ ದಾರಿಯನ್ನು ಸೀರೆ ಮುಗಿಯುವವರೆಗೂ ಬಿಡುವುದಿಲ್ಲ. ಆದರೆ ಅದೇ ಚೌಕಡಿ ಸೀರೆಯನ್ನು ಗೋಡೆಯ ಮೇಲೆ ಹರಡಿ, ಅಗಲ ನೋಟದ ಮಸೂರದಿಂದ ಹತ್ತಿರ ನಿಂತು ಚಿತ್ರ ತೆಗೆದರೆ, ದಡಿ ಬಿಲ್ಲಿನಂತೆ ಹೊರಕ್ಕೆ ಬಾಗಿರುವುದುಂಟು. ನಡುವಿನ ಚೌಕಗಳು ಉಬ್ಬಿ, ಮೂಲೆಯವು ಕುಗ್ಗಿರುತ್ತವೆ. ಪೀಪಾಯಿಯ ಹೊಟ್ಟೆಯನ್ನು ನೆನಪಿಸುವ ಈ ದೋಷಕ್ಕೆ ಪೀಪಾಯಿ ವಿರೂಪವೆಂದೇ ಹೆಸರು. ಕೆಲವು ಮಸೂರಗಳಲ್ಲಿ ಗೆರೆ ಒಳಕ್ಕೆ ಬಾಗುವುದೂ ಉಂಟು.

ಸೀರೆಯ ಚಿತ್ರ ಹೀಗಾದರೆ ನಷ್ಟ ದೊಡ್ಡದೇನಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ಗುಡಿಯ ಚಿತ್ರ ಹೀಗಾದರೆ ಮಾತು ಬೇರೆ. ಚಿತ್ರದಲ್ಲಿ ಗೋಡೆ ಉಬ್ಬಿ ಕಂಡಿತೆನ್ನಿ. ಉಬ್ಬಿದ್ದು ಕಲ್ಲೋ, ಗಾಜೋ? ಗುಡಿಯನ್ನು ಕಾಪಾಡಬೇಕಾದವರಿಗೆ ಇದು ಕುಶಲದ ಪ್ರಶ್ನೆಯಲ್ಲ, ಕಾಳಜಿಯ ಪ್ರಶ್ನೆ.

ಈ ಸೀಮೆಗೆ ಕೆಮರಾ ಬಹು ಬೇಗ ಬಂದಿತು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಲು ನೇಮಿಸಿತು. ಆತನನ್ನು ಮರಳಿ ದಂಡಿಗೆ ಕರೆಸಿಕೊಂಡಾಗ ವೈದ್ಯ ವಿಲಿಯಂ ಪಿಗೊ, ಆನಂತರ ಎ. ಸಿ. ಬಿ. ನೀಲ್ ಕೆಲಸ ಮುಂದುವರಿಸಿದರು. ಇವರ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹಗಳೊಡನೆ 1866ರಲ್ಲಿ ಲಂಡನ್ನಿನಿಂದ ಗ್ರಂಥರೂಪದಲ್ಲಿ ಹೊರಬಂದವು. ಗುಡಿಗಳನ್ನು ಕಣ್ಣಾರೆ ಕಾಣದ ವಿದ್ವಾಂಸರು ಈ ಚಿತ್ರಗಳನ್ನೇ ಮುಂದಿಟ್ಟುಕೊಂಡು ಶೈಲಿಗಳನ್ನು ಹೋಲಿಸಬಹುದಾಗಿತ್ತು. ಹಾಗಾಗಿ ಗೆರೆ ನೆಟ್ಟಗಿರಬೇಕಾದದ್ದು ಅಂದವೊಂದರ ಸಲುವಾಗಿ ಅಲ್ಲ.

ಆ ಕಾಲದ ಸರಳ ಮಸೂರಕ್ಕೆ ಬೆಳಕಿನ ಕಿಂಡಿ ಮುಂದುಗಡೆ ಇದ್ದರೆ ಗೆರೆ ಹೊರಕ್ಕೆ ಬಾಗುತ್ತಿತ್ತು, ಹಿಂದುಗಡೆ ಇದ್ದರೆ ಒಳಕ್ಕೆ. ಒಂದೇ ಬಗೆಯ ಎರಡು ಮಸೂರಗಳನ್ನು ಎದುರುಬದುರಾಗಿರಿಸಿ ನಡುವೆ ಕಿಂಡಿಯಿಟ್ಟರೆ ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ. ಅದೇ 1866ರಲ್ಲಿ ಲಂಡನ್ನಿನ ಡಾಲ್‌ಮೇಯರ್ ಹಾಗೂ ಮ್ಯೂನಿಕ್ಕಿನ ಸ್ಟೈನ್‌ಹೈಲ್ ಇಂಥ ಮಸೂರಗಳನ್ನು ಬೇರೆಬೇರೆಯಾಗಿಯೇ ತಂದರೆಂಬುದು ಸೋಜಿಗ. ಮುಂದೆ ಜೂಮ್ ಮಸೂರಗಳು ಬಂದಾಗ ಈ ಸಮತೋಲ ಮತ್ತೆ ಕೆಟ್ಟಿತು. ಒಂದು ತುದಿಯಲ್ಲಿ ಹೊರಬಾಗು, ಇನ್ನೊಂದು ತುದಿಯಲ್ಲಿ ಒಳಬಾಗು!

ಗಾಜಿನಿಂದಾಗದ್ದನ್ನು ಗಣಿತ ಮಾಡಿತು. ಚಿತ್ರದ ನಡುವಿನಿಂದ 1000 ಚುಕ್ಕೆ ದೂರದಲ್ಲಿರಬೇಕಾದ ಬಿಂದುವನ್ನು ಮಸೂರ 970ಕ್ಕೆ ಎಳೆದಿದ್ದರೆ, ಕಂಪ್ಯೂಟರ್ ಅದನ್ನು ಮರಳಿ 1000ಕ್ಕೆ ಒಯ್ಯುತ್ತದೆ. 1998ರಲ್ಲಿ ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ ಅವರ ಪನೋರಮ ಟೂಲ್ಸ್ ಈ ಲೆಕ್ಕವನ್ನು ಸಾಮಾನ್ಯರ ಕೈಗೆ ಕೊಟ್ಟಿತು. 2007ರ ಸುಮಾರಿಗೆ ಬಂದ ಲೆನ್ಸ್‌ಫನ್ ಎಂಬ ಮುಕ್ತ ತಂತ್ರಾಂಶ ಭಂಡಾರವು ಯಾವ ಮಸೂರ ಎಷ್ಟು ಬಾಗಿಸುತ್ತದೆ ಎಂಬ ಅಳತೆಗಳನ್ನೂ ಕೂಡಿಹಾಕಿತು. ಅಳೆದುಕೊಟ್ಟವರು ಬಹುಪಾಲು ಹವ್ಯಾಸಿಗಳು.

ಇದನ್ನು ಚಿತ್ರ ತಿದ್ದುವ ತಂತ್ರಾಂಶಕ್ಕೆ ಸೇರಿಸುವುದು ಅಂಗಿಗೆ ಗುಂಡಿ ಹಚ್ಚಿದಷ್ಟು ಸುಲಭವಲ್ಲ. ಹಾಸು ಸುತ್ತದೆ, ಕಂಡಿಕೆ ತುಂಬದೆ ಮಗ್ಗ ನಡೆಯುವುದೇ? ಹಾಗೆಯೇ ಲೆನ್ಸ್‌ಫನ್ ಕಟ್ಟಲು ಮೊದಲು ಜಿ-ಲಿಬ್ ಎಂಬ ಮೂಲಭಂಡಾರ ಬೇಕು. ಚಿತ್ರದೊಳಗೆ ಕೆಮರಾ ಬರೆದಿಟ್ಟ ಮಸೂರದ ಹೆಸರನ್ನು ಓದಲು ಎಕ್ಸಿವ್2ರಂಥ ಇನ್ನೊಂದು ಬೇಕು. ಇವೆಲ್ಲ ಸಿದ್ಧವಾದ ಮೇಲೆ ಮುಖ್ಯ ತಂತ್ರಾಂಶದ ಸರದಿ. ಒಂದರ ಆವೃತ್ತಿ ಹಳತಾಗಿದ್ದರೂ ಕೆಲಸ ನಡುವೆಯೇ ನಿಲ್ಲಬಹುದು. ಕೆಲವು ತಂತ್ರಾಂಶಗಳಂತೂ ಭಂಡಾರ ಸಿಗದಿದ್ದರೆ ತಕರಾರಿಲ್ಲದೆ ಕಟ್ಟಿಕೊಳ್ಳುತ್ತವೆ, ತಿದ್ದುವ ಸೌಲಭ್ಯವೊಂದನ್ನು ಬಿಟ್ಟು. ನಿಂತುಹೋಗುವುದಕ್ಕಿಂತ ಈ ಮೌನವೇ ಹೆಚ್ಚು ಪೀಡೆ.

ಇಲ್ಲಿ ಎಚ್ಚರವೂ ಬೇಕು. ಬೇರೆ ಮಸೂರದ ಅಳತೆ ಹಾಕಿದರೆ ನೆಟ್ಟಗಿದ್ದ ಗೋಡೆಯೂ ಬಾಗೀತು. ತಿದ್ದಿದ ಚಿತ್ರದ ಅಂಚು ಸ್ವಲ್ಪ ಕತ್ತರಿಸಿಹೋಗುವುದುಂಟು, ಮೂಲೆಗಳು ತುಸು ಮಸುಕಾಗುತ್ತವೆ. ಕೆಳಗೆ ನಿಂತು ಕೆಮರಾ ಎತ್ತಿ ತೆಗೆದಾಗ ಗೋಳಗುಮ್ಮಟ ಹಿಂದಕ್ಕೆ ವಾಲಿದಂತೆ ಕಾಣುವುದು ಮಾತ್ರ ಮಸೂರದ ತಪ್ಪಲ್ಲ, ನಿಂತ ಜಾಗದ ಫಲ. ಹಳೆಯ ದೊಡ್ಡ ಕೆಮರಾಗಳಲ್ಲಿ ಮಸೂರದ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಿ ಅದನ್ನು ತಪ್ಪಿಸುತ್ತಿದ್ದರು. ಇನ್ನು ಕಲ್ಲೇ ಉಬ್ಬಿದ್ದರೆ, ಸರಿಯಾಗಿ ತಿದ್ದಿದ ಚಿತ್ರದಲ್ಲಿ ಆ ಉಬ್ಬು ಉಳಿಯಲೇಬೇಕು. ದಾಖಲೆಗೆಂದು ತೆಗೆದ ಚಿತ್ರದ ಮೂಲಪ್ರತಿಯನ್ನು ಎಂದೂ ಅಳಿಸಬಾರದು ಎನ್ನುವುದು ಇದಕ್ಕೇ.

ಹೊಸ ಮಸೂರವನ್ನು ಅಳೆಯುವವರು ಉದ್ದನೆಯ ನೇರ ಗೆರೆಗಳಿರುವ ಕಟ್ಟಡವೊಂದನ್ನು ದೂರದಿಂದ ಚಿತ್ರಿಸಿ, ಗೆರೆ ಬಾಗಿದ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ಈ ಕೆಲಸಕ್ಕೆ ಒದಗದು. ಅದಕ್ಕೆ ಪೇಟೆಯ ಹೊಸ ಬಹುಮಹಡಿ ಕಟ್ಟಡವೇ ಆಗಬೇಕು.