ಉದಕಮಂಡಲದ ಕೆರೆಯ ದಂಡೆಯಲ್ಲಿ ಒಂದು ವಾರ

ಈ ಬೇಸಗೆಯ ರಜೆಯಲ್ಲಿ ಒಂದು ವಾರವನ್ನು ಉದಕಮಂಡಲದ ಕೆರೆಯ ದಂಡೆಯಲ್ಲಿ ಕಳೆಯುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ಮನೆಯಾಕೆ ಉಣ್ಣೆಯ ಬಟ್ಟೆಗಳ ಪಟ್ಟಿ ಮಾಡುತ್ತಿದ್ದಳು. ಮಕ್ಕಳಿಗೆ ದೋಣಿಯದೇ ಧ್ಯಾನ. “ಅಪ್ಪಾ, ಆ ಕೆರೆ ಮೊದಲಿನಿಂದಲೂ ಇತ್ತೆ?” ಎಂದು ಕಿರಿಯವಳು ಕೇಳಿದಳು.

ಇರಲಿಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಯನ್ನೇರಿ, ಅಲ್ಲಿನ ತಂಪಿಗೆ ಮಾರುಹೋದ. ಮುಂದೆ ಅಲ್ಲಿಯೇ ಮನೆ ಕಟ್ಟಿಸಿದ. 1823ರಿಂದ 1825ರವರೆಗೆ, ಕಣಿವೆಯ ತೊರೆಗಳಿಗೆ ಏರಿ ಹಾಕಿಸಿ ಕೆರೆಯನ್ನು ನಿರ್ಮಿಸಿದ. ರೈಲು ಊಟಿಯನ್ನು ಮುಟ್ಟಿದ್ದು 1908ರಲ್ಲಿ.

ಆದರೆ ಆ ಕಣಿವೆ ಬರಿದಾಗಿರಲಿಲ್ಲ. ತೊದವರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲದು. ‘ಊಟಕಮಂಡ್’ ಎಂಬ ಹೆಸರಿನ ಕೊನೆಯಲ್ಲಿರುವ ‘ಮಂಡ್’ ಅವರ ಹಟ್ಟಿಯ ಹೆಸರು. ನಮ್ಮ ‘ಮಂದೆ’ಯನ್ನು ನೆನಪಿಸುವ ಮಾತು. ಈ ನೆಲ ತೊದವರದೆಂದು ಸಲ್ಲಿವನ್ನನೇ ಸರಕಾರದೊಡನೆ ವಾದಿಸಿದ. ಊರನ್ನು ಬೆಳೆಸಿದವನೂ ಅವನೇ, ಮೂಲದವರ ಹಕ್ಕನ್ನು ಎತ್ತಿಹಿಡಿದವನೂ ಅವನೇ. ಊರು ಬೆಳೆಯಿತು, ಹುಲ್ಲುಗಾವಲು ಕುಗ್ಗಿತು.

ಪಟ್ಟಿಯ ಕೊನೆಗೆ ನಾನೂ ಒಂದು ಸಾಲು ಸೇರಿಸಿದ್ದೇನೆ: ದೋಣಿ ಹತ್ತುವ ಮೊದಲು ದಂಡೆಯಲ್ಲಿ ನಿಂತು, ನೀರಿನಡಿಯ ನೆಲ ಯಾರದಾಗಿತ್ತೆಂಬುದನ್ನು ಮಕ್ಕಳಿಗೆ ಹೇಳುವುದು.