ಹುಬ್ಬು ತೀಡುವ ಪೆನ್ಸಿಲ್

ನವಾಲ್ ಎಲ್ ಸಾದಾವಿ ತೀರಿಕೊಂಡಿದ್ದು 2021ರ ಮಾರ್ಚ್ 21ರಂದು, ಕೈರೋದಲ್ಲಿ. ಈಜಿಪ್ಟಿನಲ್ಲಿ ಅವತ್ತು ತಾಯಂದಿರ ದಿನ. ಆಕೆಗೆ 89 ವರ್ಷವಾಗಿತ್ತು. ಮರುದಿನದಿಂದಲೇ ಎಲ್ಲಿ ನೋಡಿದರೂ ಬಣ್ಣ ಹಚ್ಚದ ಬೆಳ್ಳಿಕೂದಲಿನ ಆ ಮುಖ, ಅದರ ಕೆಳಗೆ ಒಂದಷ್ಟು ವಿಶೇಷಣಗಳು: ದಿಟ್ಟೆ, ನಿರ್ಭೀತೆ, ಅರಬ್ ಜಗತ್ತಿನ ಸಿಮೋನ್ ದ ಬುವಾ. ಈ ಕೊನೆಯದನ್ನು ಓದಿದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ. ಸಿಮೋನ್‌ಳನ್ನು ಯಾರೂ ಫ್ರಾನ್ಸಿನ ನವಾಲ್ ಅಂತ ಕರೆದದ್ದು ಕಾಣೆ.

ಮೆಚ್ಚುವುದಕ್ಕೂ ಒಂದು ಇತಿಹಾಸ ಇರುತ್ತದೆ. ಯಾರು, ಯಾವಾಗ, ಯಾತಕ್ಕೆ ಮೆಚ್ಚಿದರು ಅನ್ನೋದನ್ನ ಹಿಡಿದು ಹೊರಟರೆ ಮೆಚ್ಚಿಸಿಕೊಂಡವರ ಕಥೆಯೂ ಬೇರೆ ಥರ ಕಾಣಿಸುತ್ತದೆ. ಅದನ್ನೇ ಇಲ್ಲಿ ನೋಡೋಣ ಅಂತ.

ಹುಟ್ಟಿದ್ದು 1931ರಲ್ಲಿ, ನೈಲ್ ನದಿಯ ಮುಖಜಭೂಮಿಯ ಕಫ್ರ್ ತಹ್ಲಾ ಎಂಬ ಹಳ್ಳಿಯಲ್ಲಿ. ಒಂಬತ್ತು ಮಕ್ಕಳಲ್ಲಿ ಎರಡನೆಯವಳು. ಅಪ್ಪ ಶಿಕ್ಷಣ ಇಲಾಖೆಯ ನೌಕರ. 1919ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆಯಲ್ಲಿ ಸೇರಿದ್ದ ತಪ್ಪಿಗೆ ಅವನನ್ನು ಒಂದು ಸಣ್ಣ ಊರಿಗೆ ಎತ್ತಿಹಾಕಿ ಹತ್ತು ವರ್ಷ ಬಡ್ತಿ ಕೊಡದೆ ಕೂರಿಸಿದ್ದರು. ಹೆಣ್ಣುಮಕ್ಕಳನ್ನೂ ಓದಿಸಬೇಕು ಅನ್ನುವಷ್ಟು ತಿಳಿದವನು. ಹಾಗಿದ್ದೂ ಆರನೇ ವಯಸ್ಸಿನಲ್ಲಿ ನವಾಲ್‌ಗೆ ಜನನಾಂಗದ ಛೇದನ ಆಗೇ ಆಯಿತು. ಬಚ್ಚಲುಮನೆಯ ನೆಲದ ಮೇಲೆ ಕೆಡವಿದ್ದರು. ನೋವಿನಲ್ಲಿ ಕೂಗಿ ಕಣ್ಣು ಬಿಟ್ಟಾಗ ಸುತ್ತ ನಿಂತವರ ನಡುವೆ ಅಮ್ಮನೂ ಇದ್ದಳು. ಮುಂದೆ ಬರೆಯುವಾಗ ಆಕೆ ಕತ್ತಿ ಹಿಡಿದವಳಿಗಿಂತ ಹೆಚ್ಚಾಗಿ ನೆನೆಸಿಕೊಂಡದ್ದು ಅಮ್ಮನ ಆ ಮುಖವನ್ನು. ಇದೇ ಅಮ್ಮ, ಹತ್ತನೇ ವಯಸ್ಸಿಗೆ ಮದುವೆ ಮಾಡಲು ನೆಂಟರು ಹೊರಟಾಗ ಮಗಳ ಪರ ನಿಂತಳು. ಪ್ರೀತಿ ಇರುವ ಮನೆಯಲ್ಲೂ ಹೀಗಾಗುತ್ತದೆ ಅನ್ನುವುದೇ ಆಕೆಯ ಬರಹದ ಕಷ್ಟದ ಜಾಗ. ದುಷ್ಟರೇ ಮಾಡಿದ್ದರೆ ಬರೆಯೋದು ಸುಲಭ ಇರ್ತಿತ್ತು.

1955ರಲ್ಲಿ ಕೈರೋ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ. ಡಾಕ್ಟರಾಗಿ ವಾಪಸು ಹೋದದ್ದು ತನ್ನ ಹಳ್ಳಿಗೇ. ಅಲ್ಲಿ ತನಗೆ ಆದದ್ದು ಊರಿನ ಎಲ್ಲ ಹುಡುಗಿಯರಿಗೂ ಆಗುತ್ತಿರುವುದನ್ನು, ರಕ್ತ ಸೋರಿಸಿಕೊಂಡು ತನ್ನ ಬಳಿಗೇ ಬರುವವರನ್ನು ಕಂಡಳು. ಮುಂದೆ ಆರೋಗ್ಯ ಸಚಿವಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಿಕ್ಷಣದ ನಿರ್ದೇಶಕಿ, ಆರೋಗ್ಯ ಪತ್ರಿಕೆಯೊಂದರ ಸಂಪಾದಕಿ. ಒಳ್ಳೇ ಸರ್ಕಾರಿ ಕೆಲಸ, ಕುರ್ಚಿ, ಹೆಸರು ಎಲ್ಲ ಇತ್ತು. 1972ರಲ್ಲಿ 'ಹೆಣ್ಣು ಮತ್ತು ಲೈಂಗಿಕತೆ' ಎಂಬ ಅರ್ಥದ ಹೆಸರಿನ ಪುಸ್ತಕ ಹೊರಬಂತು. ಡಾಕ್ಟರಾಗಿ ಕಂಡದ್ದನ್ನು ಡಾಕ್ಟರ ಭಾಷೆಯಲ್ಲೇ ಬರೆದದ್ದು: ಕನ್ಯಾಪೊರೆಯ ಬಗೆಗಿನ ಮೂಢನಂಬಿಕೆ, ಛೇದನದಿಂದ ದೇಹಕ್ಕೂ ಮನಸ್ಸಿಗೂ ಆಗುವ ಹಾನಿ. ಸಚಿವಾಲಯದ ಕೆಲಸ ಹೋಯಿತು, ಪತ್ರಿಕೆ ಹೋಯಿತು, ವೈದ್ಯರ ಸಂಘದ ಸಹಾಯಕ ಕಾರ್ಯದರ್ಶಿ ಸ್ಥಾನವೂ ಹೋಯಿತು. ಆದರೆ ಪುಸ್ತಕ ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಆಕೆಯನ್ನು ಮೊದಲು ಮೆಚ್ಚಿದ್ದು ಪ್ಯಾರಿಸ್ಸು, ನ್ಯೂಯಾರ್ಕಿನವರಲ್ಲ. ಅರಬ್ಬಿ ಓದಬಲ್ಲ ಆ ತಲೆಮಾರಿನ ಹೆಣ್ಣುಮಕ್ಕಳು. ಇದನ್ನ ಸಾಮಾನ್ಯವಾಗಿ ಯಾರೂ ಹೇಳೋದಿಲ್ಲ.

ಕೆಲಸ ಕಳೆದುಕೊಂಡಾಕೆ ಸುಮ್ಮನೆ ಕೂರಲಿಲ್ಲ. ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ಹೆಂಗಸರ ಮಾನಸಿಕ ಕಾಯಿಲೆಗಳ ಮೇಲೆ ಸಂಶೋಧನೆಗೆ ಇಳಿದಳು. ಅದಕ್ಕಾಗಿಯೇ 1974ರಲ್ಲಿ ಕೈರೋ ಹತ್ತಿರದ ಕನಾತಿರ್ ಮಹಿಳಾ ಜೈಲಿಗೆ ಹೋದಾಗ, ಒಬ್ಬ ಗಂಡಸನ್ನು ಕೊಂದು ಮರಣದಂಡನೆಗೆ ಕಾಯುತ್ತಿದ್ದ ವೇಶ್ಯೆಯೊಬ್ಬಳ ಬಗ್ಗೆ ಕೇಳಿದಳು. ಆ ಹೆಂಗಸು ಮೊದಲು ಭೇಟಿಗೇ ಒಪ್ಪಲಿಲ್ಲವಂತೆ. ಕೊನೆಗೆ ಒಪ್ಪಿ, ನೆಲದ ಮೇಲೆ ಕೂರಿಸಿ, ಒಂದೇ ಉಸಿರಿಗೆ ತನ್ನ ಬದುಕನ್ನು ಹೇಳಿದಳು. ಸ್ವಲ್ಪ ದಿನದಲ್ಲೇ ಅವಳನ್ನು ನೇಣಿಗೇರಿಸಿದರು. ಅವಳ ಕಥೆಯೇ ಫಿರ್ದೌಸ್ ಎಂಬ ಹೆಸರಿನಲ್ಲಿ ಕಾದಂಬರಿಯಾಗಿ 1975ರಲ್ಲಿ ಅಚ್ಚಾಯಿತು. ಅದೂ ಈಜಿಪ್ಟಿನಲ್ಲಲ್ಲ, ಬೈರೂತಿನಲ್ಲಿ. ಇಂಗ್ಲಿಷಿನಲ್ಲಿ 'ವುಮನ್ ಅಟ್ ಪಾಯಿಂಟ್ ಝೀರೋ' ಆಗಿ 1983ರಲ್ಲಿ ಬಂತು. ಅನುವಾದಿಸಿದವರು ಗಂಡ ಶರೀಫ್ ಹತಾತಾ. ಅವರೂ ಡಾಕ್ಟರು, ಬರಹಗಾರರು, ರಾಜಕೀಯ ಕೈದಿಯಾಗಿ ಹದಿಮೂರು ವರ್ಷ ಜೈಲಿನಲ್ಲಿದ್ದವರು.

ನಾನು ಇದನ್ನು ಓದಿದ್ದು ರಾತ್ರಿ ಬಸ್ಸಿನಲ್ಲಿ, ಮೊಬೈಲ್ ಟಾರ್ಚಿನ ಬೆಳಕಲ್ಲಿ. ನೂರು ಚಿಲ್ಲರೆ ಪುಟ. ಮುಗಿದ ಮೇಲೆ ನಿದ್ದೆ ಬರಲಿಲ್ಲ. ಪಕ್ಕದ ಸೀಟಿನವರು ಎರಡು ಸಲ ಲೈಟು ಆರಿಸಿ ಅಂದರು ಅನ್ನೋದೂ ನೆನಪಿದೆ.

ಈಗ 1981ಕ್ಕೆ ಬರೋಣ. ಅಧ್ಯಕ್ಷ ಅನ್ವರ್ ಸಾದಾತ್ ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಂಡು ಪಶ್ಚಿಮದ ಕಣ್ಮಣಿಯಾಗಿದ್ದ ಕಾಲ. ಸೆಪ್ಟೆಂಬರಿನಲ್ಲಿ ಇದ್ದಕ್ಕಿದ್ದಂತೆ 1500ಕ್ಕೂ ಹೆಚ್ಚು ಜನರನ್ನು ಹಿಡಿಸಿದ. ಎಡದವರು, ಬಲದವರು, ಮುಸ್ಲಿಂ ಮೂಲಭೂತವಾದಿಗಳು, ಕಾಪ್ಟಿಕ್ ಕ್ರೈಸ್ತ ಪಾದ್ರಿಗಳು, ಪತ್ರಕರ್ತರು, ಪ್ರೊಫೆಸರುಗಳು, ಯಾರನ್ನೂ ಬಿಡಲಿಲ್ಲ. 6ನೇ ತಾರೀಖು ನವಾಲ್ ಮನೆಯಲ್ಲಿ ಒಬ್ಬಳೇ ಕೂತು ಬರೆಯುತ್ತಿದ್ದಾಗ ಪೊಲೀಸರು ಬಾಗಿಲು ಒಡೆದು ಒಳಗೆ ಬಂದರು. ಕರೆದೊಯ್ದು ಹಾಕಿದ್ದು ಎಲ್ಲಿಗೆ? ಕನಾತಿರ್‌ಗೆ. ಏಳು ವರ್ಷದ ಹಿಂದೆ ಡಾಕ್ಟರಾಗಿ ಹೋಗಿದ್ದ ಅದೇ ಜೈಲಿಗೆ ಈಗ ಕೈದಿಯಾಗಿ.

ಆ ಕೋಣೆಯ ಜನರನ್ನ ನೋಡಬೇಕು. ಮಾರ್ಕ್ಸ್‌ವಾದಿ ಪ್ರಾಧ್ಯಾಪಕಿಯರು, ಕಾದಂಬರಿಗಾರ್ತಿ ಲತೀಫಾ ಅಲ್ ಜಯ್ಯಾತ್, ಜೊತೆಗೆ ಕಣ್ಣು ಬಿಟ್ಟು ಮಿಕ್ಕೆಲ್ಲ ಮುಚ್ಚಿಕೊಂಡ ಇಸ್ಲಾಂವಾದಿ ಹುಡುಗಿಯರು. ಹೊರಗಿದ್ದಿದ್ದರೆ ಒಬ್ಬರ ನೆರಳು ಒಬ್ಬರಿಗೆ ಆಗದವರು. ಒಳಗೆ ಒಂದೇ ಕೋಣೆ, ಒಂದೇ ಕಕ್ಕಸು, ಅವೇ ಜಿರಳೆಗಳು. ಜಗಳವೂ ಆಯಿತು, ಹಂಚಿಕೊಂಡು ತಿಂದದ್ದೂ ಆಯಿತು.

ಕಾಗದ, ಪೆನ್ನು ಕೊಡುತ್ತಿರಲಿಲ್ಲ. ಕೋಣೆಯಲ್ಲಿ ಬಂದೂಕು ಸಿಕ್ಕರೂ ಚಿಂತೆಯಿಲ್ಲ, ಬರೆಯುವ ಸಾಮಾನು ಸಿಗಬಾರದು ಅನ್ನುವಷ್ಟು ಹೆದರಿಕೆ ಜೈಲಿನವರಿಗೆ. ಆಗ ವೇಶ್ಯೆಯರ ವಿಭಾಗದ ಕೈದಿಯೊಬ್ಬಳು ತನ್ನ ಹುಬ್ಬು ತೀಡುವ ಕಪ್ಪು ಪೆನ್ಸಿಲನ್ನು ಗುಟ್ಟಾಗಿ ತಂದು ಕೊಟ್ಟಳು. ಅದರಿಂದ, ಟಾಯ್ಲೆಟ್ ಕಾಗದದ ಸುರುಳಿಯ ಮೇಲೆ, ಎಲ್ಲರೂ ಮಲಗಿದ ಮೇಲೆ ಬರೆದದ್ದೇ ಜೈಲಿನ ನೆನಪುಗಳ ಪುಸ್ತಕ. ಜೀವನವಿಡೀ ಮೇಕಪ್ಪು ಹಚ್ಚದಿದ್ದಾಕೆ ನವಾಲ್. ಬುರ್ಖಾ ಹೇಗೆ ಮುಖ ಮರೆಸುತ್ತದೋ ಮೇಕಪ್ಪೂ ಹಾಗೇ, ಎರಡೂ ಗಂಡಸಿನ ಕಣ್ಣಿಗಾಗಿ ಹಾಕಿಕೊಂಡ ಪರದೆ ಅಂತ ವಾದಿಸುತ್ತಿದ್ದಳು. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾಡಿಗೆ ತೀಡಿಕೊಳ್ಳುವ ಖುಷಿ ಗಂಡಸಿಗೇ ಸೇರಿದ್ದು ಅನ್ನೋದು ಯಾಕೋ ಅತಿಯಾಯಿತು. ಏನೇ ಇರಲಿ, ಕಷ್ಟಕ್ಕೆ ಒದಗಿದ್ದು ಮೇಕಪ್ಪಿನ ಪೆನ್ಸಿಲ್ಲೇ.

ಆಕೆ ಒಳಗೆ ಹೋಗಿ ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 6ರಂದು, ಸೇನಾ ಕವಾಯತು ನೋಡುತ್ತಾ ಕೂತಿದ್ದ ಸಾದಾತ್‌ನನ್ನು ಅವನದೇ ಸೈನಿಕರು ಗುಂಡಿಟ್ಟು ಕೊಂದರು. ನವೆಂಬರಿನಲ್ಲಿ ಹೊಸ ಅಧ್ಯಕ್ಷ ಮುಬಾರಕ್ ಒಂದಷ್ಟು ಕೈದಿಗಳನ್ನು ಅರಮನೆಗೆ ಕರೆಸಿ, ಮಾತಾಡಿಸಿ, ಬಿಡುಗಡೆ ಮಾಡಿದ. ಅದರಲ್ಲಿ ನವಾಲ್ ಕೂಡ ಇದ್ದಳು.

ಪಶ್ಚಿಮದ ಮೆಚ್ಚುಗೆ ಶುರುವಾದದ್ದು ಇದೇ ಆಸುಪಾಸಿನಲ್ಲಿ. 1977ರಲ್ಲಿ ಅರಬ್ಬಿಯಲ್ಲಿ ಬಂದಿದ್ದ ಆಕೆಯ ಪುಸ್ತಕವೊಂದರ ಹೆಸರು 'ಅರಬ್ ಹೆಣ್ಣಿನ ಬೆತ್ತಲೆ ಮುಖ' ಎಂಬರ್ಥದ್ದು. 1980ರಲ್ಲಿ ಲಂಡನ್ನಿನಿಂದ ಇಂಗ್ಲಿಷಿಗೆ ಬಂದಾಗ ಅದು 'ದ ಹಿಡನ್ ಫೇಸ್ ಆಫ್ ಈವ್' ಆಯಿತು. ಗಮನಿಸಿದಿರಾ? ತಾಯ್ನುಡಿಯಲ್ಲಿ ಬೆತ್ತಲಾಗಿದ್ದ ಮುಖ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಮುಚ್ಚಿಕೊಂಡಿತ್ತು. ಅರಬ್ ಹೆಂಗಸು ಅಂದರೆ ಪರದೆ, ಪರದೆ ಎತ್ತಿ ತೋರಿಸುವವಳು ಲೇಖಕಿ ಅನ್ನುವುದು ಆ ಮಾರುಕಟ್ಟೆಗೆ ಗೊತ್ತಿದ್ದ ಕಥೆ. ಅಮಲ್ ಅಮೀರೆ ಎಂಬ ವಿದ್ವಾಂಸೆ 2000ದಲ್ಲಿ ಇದರ ಮೇಲೊಂದು ಒಳ್ಳೆಯ ಪ್ರಬಂಧವನ್ನೇ ಬರೆದಿದ್ದಾರೆ. ನವಾಲ್ ಹೇಳುತ್ತಿದ್ದ ಮೂರು ಮಾತಿನಲ್ಲಿ ಎರಡನ್ನು ಬಿಟ್ಟು ಒಂದನ್ನೇ ಎತ್ತಿ ಹಿಡಿದದ್ದು ಹೇಗೆ ಅನ್ನೋದು ನನಗೆ ಅದನ್ನು ಓದಿಯೇ ಹೊಳೆದದ್ದು.

ಬಿಟ್ಟ ಮಾತುಗಳು ಯಾವುವು ಅಂದರೆ, ಆಕೆಯ ಮಟ್ಟಿಗೆ ಹೆಣ್ಣಿನ ದಾಸ್ಯಕ್ಕೂ ಬಡತನಕ್ಕೂ, ಬಡತನಕ್ಕೂ ಸಾಮ್ರಾಜ್ಯಶಾಹಿಗೂ ನೇರ ನಂಟು. ಛೇದನ ಇಸ್ಲಾಮಿನಿಂದ ಬಂದದ್ದಲ್ಲ, ಅದಕ್ಕಿಂತ ಹಳೆಯದು, ಈಜಿಪ್ಟಿನ ಕ್ರೈಸ್ತರಲ್ಲೂ ಇದೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದಳು. ಯುರೋಪು, ಅಮೆರಿಕದ ಕೆಲವು ಸ್ತ್ರೀವಾದಿಗಳು ಆಫ್ರಿಕದ ಹೆಂಗಸರ ಬಗ್ಗೆ ಮಾತಾಡುವಾಗ ಛೇದನ ಒಂದನ್ನೇ ಹಿಡಿದು, ಅದನ್ನು ಅನಾಗರಿಕತೆಗೆ ಸಾಕ್ಷಿ ಎಂಬಂತೆ ತೋರಿಸುವುದನ್ನು ಅದೇ ಇಂಗ್ಲಿಷ್ ಪುಸ್ತಕದ ಮುನ್ನುಡಿಯಲ್ಲೇ ವಿರೋಧಿಸಿದ್ದಳು. ನಿಮ್ಮಲ್ಲಿ ಕತ್ತಿ ದೇಹಕ್ಕೆ ಹಾಕದೆ ಮನಸ್ಸಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ ಅನ್ನುವ ಧಾಟಿ. ಯಾರಾದರೂ 'ಮಧ್ಯಪ್ರಾಚ್ಯ' ಅಂದರೆ ಯಾರಿಗೆ ಮಧ್ಯ, ಯಾರಿಗೆ ಪ್ರಾಚ್ಯ ಅಂತ ತಿರುಗಿ ಬೀಳುತ್ತಿದ್ದಳು. ತಾನು ಆಫ್ರಿಕದವಳು ಅಂತ ಒತ್ತಿ ಹೇಳುತ್ತಿದ್ದಳು. ಈಜಿಪ್ಟ್ ಆಫ್ರಿಕದಲ್ಲಿದೆ ಅನ್ನೋದು ನಮಗೂ ಭೂಪಟ ನೋಡಿದಾಗ ಮಾತ್ರ ನೆನಪಾಗುತ್ತದೆ, ಅಲ್ವಾ?

1982ರಲ್ಲಿ ಕಟ್ಟಿದ ಅರಬ್ ಮಹಿಳಾ ಒಗ್ಗಟ್ಟು ಸಂಘವನ್ನು ಸರ್ಕಾರ 1991ರಲ್ಲಿ ಮುಚ್ಚಿಸಿದ್ದು ಕೂಡ, ಅದು ಕೊಲ್ಲಿ ಯುದ್ಧವನ್ನು, ಅಂದರೆ ಅಮೆರಿಕವನ್ನು, ವಿರೋಧಿಸಿದ್ದಕ್ಕೆ. ಅದಾದ ಮೇಲೆ ಕೆಟ್ಟ ಕಾಲ. 1992ರಲ್ಲಿ ಲೇಖಕ ಫರಜ್ ಫೋದಾನನ್ನು ಬೀದಿಯಲ್ಲಿ ಗುಂಡಿಟ್ಟು ಕೊಂದರು. 1994ರಲ್ಲಿ ನೊಬೆಲ್ ಪಡೆದಿದ್ದ ಮುದುಕ ನಗೀಬ್ ಮಹ್ಫೂಜ್‌ನ ಕುತ್ತಿಗೆಗೆ ಚೂರಿ ಹಾಕಿದರು. ಕೊಲ್ಲಬೇಕಾದವರ ಪಟ್ಟಿಯಲ್ಲಿ ನವಾಲ್ ಹೆಸರೂ ಇತ್ತು. ಗಂಡನ ಜೊತೆ ಅಮೆರಿಕಕ್ಕೆ ಹೋಗಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ 1996ರಲ್ಲಿ ಮರಳಿದಳು. 2001ರಲ್ಲಿ ವಕೀಲನೊಬ್ಬ, ಈಕೆ ಧರ್ಮ ಬಿಟ್ಟವಳು, ಆದ್ದರಿಂದ ಮುಸ್ಲಿಂ ಗಂಡನಿಂದ ವಿಚ್ಛೇದನ ಕೊಡಿಸಿ ಅಂತ ಕೋರ್ಟಿಗೆ ಹೋದ. ಗಂಡಹೆಂಡಿರು ಚೆನ್ನಾಗಿರುವಾಗ ಮೂರನೆಯವನು ಹೋಗಿ ಡೈವೋರ್ಸ್ ಕೇಳುವುದು! ತಮಾಷೆ ಅನಿಸಬಹುದು, ಆದರೆ 1995ರಲ್ಲಿ ಪ್ರೊಫೆಸರ್ ನಸ್ರ್ ಅಬು ಜೈದ್ ದಂಪತಿಗೆ ಹೀಗೇ ಕೋರ್ಟು ವಿಚ್ಛೇದನ ಹೇರಿ, ಅವರು ದೇಶ ಬಿಟ್ಟು ಹಾಲೆಂಡಿಗೆ ಓಡಬೇಕಾಗಿತ್ತು. ಅದಾದ ಮೇಲೆ ಕಾನೂನು ಬದಲಾಗಿ, ಇಂಥ ದೂರು ಕೊಡುವ ಹಕ್ಕು ಖಾಸಗಿಯವರಿಗೆ ಇಲ್ಲ ಅಂತಾಗಿತ್ತು. ನವಾಲ್ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಆಗ ಆಕೆಗೆ ಎಪ್ಪತ್ತರ ಹತ್ತಿರ.

2011ರಲ್ಲಿ ತಹ್ರೀರ್ ಚೌಕದಲ್ಲಿ ಹುಡುಗ ಹುಡುಗಿಯರ ನಡುವೆ ಆಕೆಯನ್ನು ಕಂಡವರಿಗೆ ಆದ ಸಂಭ್ರಮ ನಿಜವಾದದ್ದು. ಎಂಬತ್ತಕ್ಕೆ ಕೆಲವೇ ತಿಂಗಳು ಕಮ್ಮಿ. ಅಜ್ಜಿಯ ಪುಸ್ತಕ ಕದ್ದು ಓದಿದವರ ಮಕ್ಕಳು ಅಜ್ಜಿಯ ಸುತ್ತ ಕೂತಿದ್ದರು.

ಇನ್ನು ನನಗೆ ಕಷ್ಟವಾಗುವ ಭಾಗ. 2013ರಲ್ಲಿ ಚುನಾಯಿತ ಅಧ್ಯಕ್ಷ ಮುರ್ಸಿಯನ್ನು ಸೇನೆ ಇಳಿಸಿದಾಗ ನವಾಲ್ ಅದನ್ನು ಬೆಂಬಲಿಸಿದಳು. ಅದು ಸೇನಾ ದಂಗೆಯಲ್ಲ, ಜನರ ಕ್ರಾಂತಿ ಅಂದಳು. ಆ ಆಗಸ್ಟಿನಲ್ಲಿ ರಬಾ ಚೌಕದಲ್ಲಿ ಒಂದೇ ದಿನ, ಮಾನವ ಹಕ್ಕು ಸಂಘಟನೆಯೊಂದರ ಲೆಕ್ಕದಂತೆ, 800ಕ್ಕೂ ಹೆಚ್ಚು ಜನ ಸತ್ತರು. ಮುಂದೆಯೂ ಆಕೆ ಜನರಲ್ ಸಿಸಿಯ ಕಡೆಗೇ ನಿಂತಳು. ಮುರ್ಸಿಯವರ ಬ್ರದರ್‌ಹುಡ್ ಬಗ್ಗೆ ಆಕೆಗಿದ್ದ ಭಯಕ್ಕೆ ಕಾರಣಗಳಿದ್ದವು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಅದು ಗೊತ್ತು. ಆದರೂ ಬಂದೂಕಿಗಿಂತ ಪೆನ್ಸಿಲಿಗೆ ಹೆದರುವ ಸರ್ಕಾರವನ್ನು ಒಳಗಿನಿಂದ ಕಂಡಾಕೆ, ಬರಹಗಾರರನ್ನು ಮತ್ತೆ ಜೈಲಿಗೆ ತುಂಬಿದ ಆಡಳಿತವನ್ನು ಒಪ್ಪಿಕೊಂಡದ್ದು ಹೇಗೆ? ಆಕೆಯನ್ನು ಓದಿಯೇ ಬೆಳೆದ ಎಷ್ಟೋ ಕಿರಿಯರು ಆಗ ದೂರವಾದರು. ನಾನು ಆ ಪುಸ್ತಕಗಳನ್ನು ಶೆಲ್ಫಿನಿಂದ ತೆಗೆದಿಲ್ಲ. ಆದರೆ ಯಾರಾದರೂ 'ಯಾರಿಗೂ ತಲೆಬಾಗದವಳು' ಅಂತ ಬರೆದಾಗ 2013 ನೆನಪಾಗದೆ ಇರೋದಿಲ್ಲ.

2018ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಜೈನಬ್ ಬದಾವಿ, ಸ್ವಲ್ಪ ದನಿ ತಗ್ಗಿಸಬಾರದೇ ಅಂತ ಕೇಳಿದರು. ಇಲ್ಲ, ಜಗತ್ತು ಒರಟಾಗುತ್ತಿದೆ, ನಾನು ಇನ್ನೂ ಜೋರಾಗಿ ಮಾತಾಡಬೇಕು ಅನ್ನೋ ಥರ ಉತ್ತರ ಬಂತು. 2020ರಲ್ಲಿ ಟೈಮ್ ಪತ್ರಿಕೆ ನೂರು ವರ್ಷಗಳಿಗೆ ನೂರು ಹೆಂಗಸರನ್ನು ಆರಿಸಿ ಮುಖಪುಟಗಳನ್ನು ಮಾಡಿದಾಗ ನವಾಲ್‌ಗೆ ಕೊಟ್ಟ ವರ್ಷ 1981. ಜೈಲಿನ ವರ್ಷ.

ಈಜಿಪ್ಟ್ ಛೇದನವನ್ನು ಅಪರಾಧ ಅಂತ ಕಾನೂನು ಮಾಡಿದ್ದು 2008ರಲ್ಲಿ, ಆಕೆಗೆ ಕೆಲಸ ಹೋಗಿ ಮೂವತ್ತಾರು ವರ್ಷದ ಮೇಲೆ. 2016ರಲ್ಲಿ ಶಿಕ್ಷೆ ಹೆಚ್ಚಿಸಿದರು, ಆಕೆ ಸತ್ತ 2021ರಲ್ಲಿ ಇನ್ನೂ ಹೆಚ್ಚಿಸಿದರು. 2015ರ ಸರ್ಕಾರಿ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 87 ಮಂದಿಗೆ ಛೇದನ ಆಗಿತ್ತು. ತಾಯಂದಿರಿಗಿಂತ ಹೆಣ್ಣುಮಕ್ಕಳಲ್ಲಿ ಕಡಿಮೆಯಾಗುತ್ತಿದೆ, ಅದು ನಿಜ. ಆದರೆ ಈಗ ಕತ್ತಿ ಹಿಡಿಯುವವರು ಹಳ್ಳಿಯ ಸೂಲಗಿತ್ತಿಯರಲ್ಲ. ಹೆಚ್ಚಿನ ಹುಡುಗಿಯರಿಗೆ ಈ ಕೆಲಸ ಮಾಡುತ್ತಿರುವವರು ಓದಿದ ಡಾಕ್ಟರು, ನರ್ಸುಗಳು.

ಹುಬ್ಬಿನ ಪೆನ್ಸಿಲ್ ತಂದುಕೊಟ್ಟ ಆ ಕೈದಿ ಮುಂದೆ ಏನಾದಳೋ.