ಫಲಕ ತೆಗೆದ ಕೈ

‘ಹಿಡನ್ ಫಿಗರ್ಸ್’ (2016) ಸಿನಿಮಾದಲ್ಲಿ ನಾಸಾದ ಬಿಳಿಯ ಮೇಲಧಿಕಾರಿಯೊಬ್ಬ ಕಪ್ಪು ಮಹಿಳೆಯರ ಶೌಚಾಲಯದ ಫಲಕವನ್ನು ಎಲ್ಲರೆದುರು ಹೊಡೆದು ಬೀಳಿಸುತ್ತಾನೆ. ನೋಡುವಾಗ ನನಗೂ ರೋಮಾಂಚನವಾಗಿತ್ತು. ಆಮೇಲೆ ಮಾರ್ಗೊ ಲೀ ಶೆಟ್ಟರ್ಲಿ ಬರೆದ ಮೂಲ ಪುಸ್ತಕ ಓದಿದೆ. ಆ ದೃಶ್ಯ ಬರೀ ಕಲ್ಪನೆ. ನಿಜವಾಗಿ ಕಿತ್ತುಹೋದ ಫಲಕ ಬೇರೆ, ಅದನ್ನು ತೆಗೆದ ಕೈಯೂ ಬೇರೆ.

1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್, ಕಪ್ಪು ಜನರನ್ನು ಕಟ್ಟಿಕೊಂಡು ವಾಷಿಂಗ್ಟನ್‌ಗೆ ಮೆರವಣಿಗೆ ಬರುತ್ತೇನೆಂದು ಪಟ್ಟು ಹಿಡಿದರು. ಅದಕ್ಕೆ ಮಣಿದ ಅಧ್ಯಕ್ಷ ರೂಸ್‌ವೆಲ್ಟ್ ಜೂನ್ 25ರಂದು 8802ನೇ ಆದೇಶ ಹೊರಡಿಸಿದರು. ರಕ್ಷಣಾ ಉದ್ಯಮದಲ್ಲೂ ಸರ್ಕಾರಿ ನೌಕರಿಯಲ್ಲೂ ಜನಾಂಗದ ಕಾರಣಕ್ಕೆ ಭೇದ ಮಾಡಕೂಡದು ಎಂಬುದು ಅದರ ಸಾರ. 1943ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ವಿಮಾನ ಸಂಶೋಧನಾಲಯವು ಗಣಿತ ಬಲ್ಲ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡಿತು. ಆಗ ‘ಕಂಪ್ಯೂಟರ್’ ಎಂದರೆ ಲೆಕ್ಕ ಹಾಕುವ ಮನುಷ್ಯರೇ.

ನೌಕರಿಯೇನೋ ಸಿಕ್ಕಿತು. ಆದರೆ ಕೆಲಸದ ಕೋಣೆ ಬೇರೆ, ಶೌಚಾಲಯ ಬೇರೆ. ಕ್ಯಾಂಟೀನಿನ ಹಿಂಬದಿಯಲ್ಲಿ ಅವರಿಗೆಂದೇ ಒಂದು ಮೇಜು, ಅದರ ಮೇಲೆ ‘ಕಲರ್ಡ್ ಕಂಪ್ಯೂಟರ್ಸ್’ ಎಂಬ ರಟ್ಟಿನ ಫಲಕ. ಇಂಥದ್ದಕ್ಕೆ ಕನ್ನಡದಲ್ಲಿ ಹಳೆಯ ಪದವೇ ಇದೆ: ಪಂಕ್ತಿಭೇದ.

ಮಿರಿಯಮ್ ಮಾನ್ ಎಂಬಾಕೆ ಒಂದು ದಿನ ಆ ಫಲಕವನ್ನೆತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಹೊಸ ಫಲಕ ಬಂತು, ಅದನ್ನೂ ಎತ್ತಿದರು. ಕೆಲಸ ಹೋದೀತೆಂದು ಗಂಡ ಎಚ್ಚರಿಸಿದರೂ ಬಿಡಲಿಲ್ಲ. ಕೊನೆಗೆ ಫಲಕ ಇಡುವವರೇ ಸೋತರು.

ಇದರಿಂದ ಪ್ರತ್ಯೇಕತೆ ಮುಗಿಯಲಿಲ್ಲ ನಿಜ. ಕಪ್ಪು ಮಹಿಳೆಯರ ಪ್ರತ್ಯೇಕ ಘಟಕ ಮುಚ್ಚಿದ್ದು ನಾಸಾ ಹುಟ್ಟಿದ 1958ರಲ್ಲಿ. ಅಷ್ಟರೊಳಗೆ ಡೊರೊಥಿ ವಾನ್ ಆ ಘಟಕದ ಮುಖ್ಯಸ್ಥೆಯಾಗಿದ್ದರು. ಮೇರಿ ಜಾಕ್ಸನ್ ಬಿಳಿಯರ ಶಾಲೆಯಲ್ಲಿ ನಡೆಯುತ್ತಿದ್ದ ತರಗತಿಗೆ ವಿಶೇಷ ಅನುಮತಿ ಕೇಳಿ ಪಡೆದು, ಅಲ್ಲಿ ಓದಿ ಎಂಜಿನಿಯರ್ ಆದರು. ಆದೇಶ ಬಾಗಿಲು ತೆರೆಯಿತು. ಒಳಗಿನ ಒಂದೊಂದು ಮೇಜನ್ನೂ ನೌಕರರೇ ಗೆಲ್ಲಬೇಕಾಯಿತು.

ಸಂಶೋಧನಾ ವಿದ್ಯಾರ್ಥಿನಿಯಾಗಿ ನನ್ನನ್ನು ಕಾಡುವುದು ಇದು: ಆದೇಶಕ್ಕೆ ಸಂಖ್ಯೆಯಿದೆ, ತಾರೀಖಿದೆ, ಸಹಿಯಿದೆ. ಕೈಚೀಲ ಸೇರಿದ ಫಲಕಕ್ಕೆ ಯಾವ ಕಡತ? ಅದು ಉಳಿದು ಬಂದದ್ದು ಮಗಳ ನೆನಪಿನಲ್ಲಿ. ಸಿನಿಮಾ ಆ ಧೈರ್ಯವನ್ನು ಮೇಲಧಿಕಾರಿಯ ಕೈಗೆ ಕೊಟ್ಟುಬಿಟ್ಟಿತು. ಅದನ್ನು ಮಿರಿಯಮ್ ಅವರ ಹೆಸರಿಗೇ ಮರಳಿಸುವುದು ಚರಿತ್ರೆ ಬರೆಯುವವರ ಕೆಲಸ.